'ಸೆಲ್' ಎಂಬ ಪುಟ್ಟ ಕೋಣೆ

ಟಾರ್ಚಿಗೆ ಹಾಕುವುದು ಸೆಲ್. ಜೇಬಿನಲ್ಲಿರುವುದು ಸೆಲ್ ಫೋನ್. ನಮ್ಮ ದೇಹ ರಚನೆಯಾಗಿರುವುದು ಸೆಲ್‌ಗಳಿಂದ. ಕೈದಿಯನ್ನು ಕೂಡಿಹಾಕುವುದೂ ಸೆಲ್‌ನಲ್ಲೇ! ಇವಕ್ಕೆಲ್ಲ ಒಂದೇ ಹೆಸರು ಹೇಗೆ ಬಂತೆಂದು ಯೋಚಿಸಿದ್ದೀರಾ?

ಲ್ಯಾಟಿನ್ ಭಾಷೆಯ 'ಸೆಲ್ಲಾ' ಇದರ ಮೂಲ. ಚಿಕ್ಕ ಕೋಣೆ ಎಂದು ಅರ್ಥ. ಕ್ರೈಸ್ತ ಸಂನ್ಯಾಸಿಯ ಕೊಠಡಿಗೂ ಸೆರೆಮನೆಯ ಕೊಠಡಿಗೂ ಇದೇ ಹೆಸರಾಯಿತು. ರಾಬರ್ಟ್ ಹುಕ್ 1665ರಲ್ಲಿ ಪ್ರಕಟಿಸಿದ 'ಮೈಕ್ರೊಗ್ರಾಫಿಯಾ' ಗ್ರಂಥದಲ್ಲಿ, ಕಾರ್ಕಿನ ತೆಳು ಸೀಳಿನಲ್ಲಿ ತನಗೆ ಕಂಡ ಗೂಡುಗಳನ್ನು ಸೆಲ್ ಎಂದು ಕರೆದ. ಅವನು ಕಂಡದ್ದು ನಿರ್ಜೀವ ಭಿತ್ತಿಗಳನ್ನು ಮಾತ್ರ.

1800ರಲ್ಲಿ ವೋಲ್ಟಾ ವಿದ್ಯುತ್ ಬ್ಯಾಟರಿಯನ್ನು ಪ್ರಕಟಪಡಿಸಿದ. ಅನಂತರ ಕ್ರೂಕ್‌ಶ್ಯಾಂಕ್, ಮರದ ತೊಟ್ಟಿಯನ್ನು ಸತು-ತಾಮ್ರದ ಫಲಕಗಳಿಂದ ಗೂಡುಗಳಾಗಿ ವಿಭಜಿಸಿ ದ್ರಾವಣ ತುಂಬಿದ. ಇಂಥ ಒಂದೊಂದು ಗೂಡೂ ಸೆಲ್ ಎನಿಸಿತು. 1947ರಲ್ಲಿ ಬೆಲ್ ಪ್ರಯೋಗಾಲಯದಲ್ಲಿ, ಸಂಚಾರಿ ದೂರವಾಣಿಗಾಗಿ ಪ್ರದೇಶವನ್ನು ಷಟ್ಕೋನಾಕಾರದ ಸಣ್ಣ ವಲಯಗಳಾಗಿ ವಿಭಜಿಸುವ ಯೋಜನೆ ಮೂಡಿತು. ಆ ವಲಯಗಳೂ ಸೆಲ್‌ಗಳೇ. ಒಂದು ವಲಯದ ಆವೃತ್ತಿಯನ್ನು ಸಾಕಷ್ಟು ದೂರದ ಇನ್ನೊಂದರಲ್ಲಿ ಮತ್ತೆ ಬಳಸಬಹುದು.

ಕನ್ನಡದಲ್ಲಿ ನಾವು ಜೀವಕೋಶ, ವಿದ್ಯುತ್ಕೋಶ ಎನ್ನುತ್ತೇವೆ. ಕೋಶವೆಂದರೆ ಭಂಡಾರ, ಶಬ್ದಕೋಶ ನೆನಪಿಸಿಕೊಳ್ಳಿ. ಒಳಗೆ ಬೀಜಕೇಂದ್ರ, ಮೈಟೊಕಾಂಡ್ರಿಯಗಳಿರುವ ಜೀವಕೋಶಕ್ಕೆ ಖಾಲಿ ಕೋಣೆಗಿಂತ ಈ ಹೆಸರೇ ಒಪ್ಪುತ್ತದೆ. ಆದರೆ ವಿದ್ಯುತ್ಕೋಶ ಎಂದೊಡನೆ, ಅದರೊಳಗೆ ವಿದ್ಯುತ್ತನ್ನೇ ತುಂಬಿಟ್ಟಿದೆಯೆಂದು ವಿದ್ಯಾರ್ಥಿ ಭಾವಿಸಬಹುದು. ಅಲ್ಲಿರುವುದು ರಾಸಾಯನಿಕ ಶಕ್ತಿ. ಮಂಡಲ ಪೂರ್ಣಗೊಂಡಾಗ ಅದು ವಿದ್ಯುಚ್ಛಕ್ತಿಯಾಗಿ ಮಾರ್ಪಡುತ್ತದೆ.

ಹೆಸರು ದಾರಿ ತೋರುತ್ತದೆ, ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಪದವನ್ನು ಕಲಿಸುವಾಗ ಅದರ ಕಥೆಯನ್ನೂ ಹೇಳೋಣ.