ಕರಾವಳಿಯ ಮನೆಗೆ ಹೊಸ ಕಿಟಕಿ: ವೆಚ್ಚದ ಲೆಕ್ಕ ಹಾಕುವುದು ಹೇಗೆ?

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ಕನಮಡಿಯಂತಹ ಬಯಲುಸೀಮೆಯ ಊರುಗಳಲ್ಲಿ ಕಿಟಕಿಯ ಶತ್ರುಗಳೆಂದರೆ ಬಿಸಿಲು ಮತ್ತು ಧೂಳು. ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 600 ಮಿಲಿಮೀಟರ್. ಆಗಾಗ ಬಣ್ಣ ಕಾಣುವ ಸಾಮಾನ್ಯ ಕಬ್ಬಿಣದ ಕಿಟಕಿ ಅಲ್ಲಿ ದಶಕಗಳ ಕಾಲ ನಿಲ್ಲುತ್ತದೆ. ಅದೇ ಕಿಟಕಿಯನ್ನು ಉಳ್ಳಾಲ ಅಥವಾ ಮಲ್ಪೆಯ ಕಡಲತಡಿಯ ಮನೆಗೆ ಕೂರಿಸಿದರೆ ಕೆಲವೇ ಮಳೆಗಾಲಗಳಲ್ಲಿ ಸರಳುಗಳ ಬುಡ ತುಕ್ಕು ಹಿಡಿದು ಉಬ್ಬುತ್ತದೆ. ದಕ್ಷಿಣ ಕನ್ನಡದ ವಾರ್ಷಿಕ ಮಳೆ ಬಯಲುಸೀಮೆಯ ಆರು ಪಟ್ಟಿಗೂ ಅಧಿಕ. ಅದರ ಜತೆಗೆ ವರ್ಷವಿಡೀ ಬೀಸುವ ಉಪ್ಪುಗಾಳಿ. ಉದ್ಯೋಗ ನಿಮಿತ್ತ ಮಂಗಳೂರು, ಉಡುಪಿ, ಕಾರವಾರಗಳಲ್ಲಿ ಮನೆ ಮಾಡಿಕೊಂಡ ಒಳನಾಡಿನವರು ಕಿಟಕಿ ಬದಲಾವಣೆಯ ಅಂದಾಜುಪಟ್ಟಿ ಕಂಡು ಹುಬ್ಬೇರಿಸುವುದಕ್ಕೆ ಇದೇ ಕಾರಣ.

ಅಂದಾಜುಪಟ್ಟಿಯಲ್ಲಿ ಎದ್ದು ಕಾಣುವುದು ಚದರ ಅಡಿಯ ದರ. ಗ್ರಾಹಕರು ಹೋಲಿಸುವುದೂ ಚೌಕಾಸಿ ಮಾಡುವುದೂ ಅದನ್ನೇ. ಆದರೆ ಕರಾವಳಿಯಲ್ಲಿ ಕಿಟಕಿಯ ನಿಜವಾದ ವೆಚ್ಚವನ್ನು ನಿರ್ಧರಿಸುವುದು ಪಟ್ಟಿಯಲ್ಲಿ ಸಾಮಾನ್ಯವಾಗಿ ನಮೂದಾಗದ ಸಂಗತಿಗಳು: ಕೀಲು, ಚಿಲಕ, ತಿರುಪುಮೊಳೆಗಳ ಲೋಹ, ಗೋಡೆಯ ದುರಸ್ತಿ, ಮತ್ತು ಕಿಟಕಿ ಎಷ್ಟು ವರ್ಷ ಬಾಳುತ್ತದೆ ಎಂಬುದು.

ಕಡಲಿನಿಂದ ಎಷ್ಟು ದೂರ?

ಕರಾವಳಿ ಎಂಬ ಒಂದೇ ಪದದಲ್ಲಿ ಹಲವು ಹವೆಗಳು ಅಡಗಿವೆ. ಅಲೆಗಳ ನೊರೆಯಿಂದ ಏಳುವ ಉಪ್ಪಿನ ಕಣಗಳು ದಡದಿಂದ ಮೊದಲ ಕೆಲವು ನೂರು ಮೀಟರ್‌ಗಳಲ್ಲಿಯೇ ಬಹುಪಾಲು ಉದುರುತ್ತವೆ. ಆದ್ದರಿಂದ ಸೋಮೇಶ್ವರದಲ್ಲಿ ಕಡಲಿಗೆ ಮುಖ ಮಾಡಿರುವ ಮನೆಗೂ ಪುತ್ತೂರು, ಸುಳ್ಯದ ಮನೆಗೂ ಒಂದೇ ಸಾಮಗ್ರಿ ಬೇಕಿಲ್ಲ. ಪುತ್ತೂರಿನಲ್ಲಿ ಎದುರಿಸಬೇಕಾದದ್ದು ಮಳೆಯನ್ನು. ಸೋಮೇಶ್ವರದಲ್ಲಿ ಮಳೆ, ಉಪ್ಪು ಮತ್ತು ಗಾಳಿ ಮೂರನ್ನೂ. ಕಡಲಿನಿಂದ ದೂರವಿರುವವರು ಅತ್ಯಂತ ದುಬಾರಿ ಸಾಮಗ್ರಿಗೆ ಹಣ ಸುರಿಯುವುದು ಅನಗತ್ಯ.

ಗಾಳಿಯ ವಿಚಾರವನ್ನು ಅಂಕಿಗಳಲ್ಲಿ ನೋಡುವುದು ಉಪಯುಕ್ತ. ಕಟ್ಟಡಗಳ ಮೇಲಿನ ಗಾಳಿಯ ಒತ್ತಡ ಕುರಿತ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗವು ಮಂಗಳೂರಿಗೆ ನಿಗದಿಪಡಿಸಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್. ಬೆಂಗಳೂರು, ಮೈಸೂರುಗಳಿಗೆ 33 ಮೀಟರ್. ವ್ಯತ್ಯಾಸ ಅಲ್ಪವೆಂದು ತೋರಬಹುದು. ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ಇತರ ಅಂಶಗಳು ಸಮಾನವಾಗಿದ್ದರೆ ಮಂಗಳೂರಿನ ಕಿಟಕಿಯ ಮೇಲೆ ಬೀಳುವ ಒತ್ತಡ ಬೆಂಗಳೂರಿನದಕ್ಕಿಂತ ಸುಮಾರು ಶೇ. 40ರಷ್ಟು ಹೆಚ್ಚು. ಬಹುಮಹಡಿ ಕಟ್ಟಡದ ಮೇಲಂತಸ್ತುಗಳಲ್ಲಿ ಅದು ಇನ್ನೂ ಏರುತ್ತದೆ. ಬೆಂಗಳೂರಿನ ಫ್ಲ್ಯಾಟಿಗೆ ಸಾಕಾದ ಗಾಜು ಮಂಗಳೂರಿನ ಹತ್ತನೇ ಮಹಡಿಗೆ ಸಾಲುತ್ತದೆಂದು ಭಾವಿಸುವಂತಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ರಾಜ್ಯದ ಮೂರೂ ಕರಾವಳಿ ಜಿಲ್ಲೆಗಳಿಗೆ ಹಾನಿ ಮಾಡಿದ್ದನ್ನು ಇಲ್ಲಿ ನೆನೆಯಬಹುದು.

ಗಾಜು ದಪ್ಪವಾದಂತೆ ಭಾರವೂ ಏರುತ್ತದೆ. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. ನಾಲ್ಕು ಅಡಿ ಅಗಲ, ನಾಲ್ಕೂವರೆ ಅಡಿ ಎತ್ತರದ ಕಿಟಕಿಗೆ 5 ಮಿ.ಮೀ. ಗಾಜು ಹಾಕಿದರೆ ಸುಮಾರು 21 ಕಿಲೋ, 8 ಮಿ.ಮೀ. ಆದರೆ 33 ಕಿಲೋ. ಈ ಭಾರವನ್ನು ಹೊರುವುದು ಬೆರಳುದ್ದದ ಕೀಲುಗಳು ಅಥವಾ ಜಾರುಕಿಟಕಿಯ ಪುಟ್ಟ ಗಾಲಿಗಳು. ಉಪ್ಪು ಮೊದಲು ತಿನ್ನುವುದೂ ಅವನ್ನೇ.

ಯಾವ ಸಾಮಗ್ರಿ?

ಹಳೆಯ ಮನೆಗಳಲ್ಲಿ ಸಾಗುವಾನಿ, ಹಲಸು, ಕಿರಾಲ್‌ಬೋಗಿ ಮರದ ದಾರಂದಗಳು ಇಂದಿಗೂ ಗಟ್ಟಿಯಾಗಿವೆ. ಇದಕ್ಕೆ ಮರದ ಗುಣವಷ್ಟೇ ಕಾರಣವಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ತರುವಾಯ ಹರಡಿದ ಹೆಂಚಿನ ಮಾಡುಗಳು ಗೋಡೆಯಿಂದ ಸಾಕಷ್ಟು ಮುಂದಕ್ಕೆ ಚಾಚಿ ಕಿಟಕಿಗೆ ಕೊಡೆ ಹಿಡಿಯುತ್ತಿದ್ದವು. ಇಂದಿನ ತಾರಸಿ ಮನೆಗಳಲ್ಲಿ ಒಂದೂವರೆ ಅಡಿಯ ಸಜ್ಜೆಯೊಂದೇ ರಕ್ಷಣೆ. ಕೆಲವೆಡೆ ಅಂದಕ್ಕಾಗಿ ಅದನ್ನೂ ಕೈಬಿಡಲಾಗಿದೆ. ಮರದ ದಾರಂದ ಸದೃಢವಾಗಿದ್ದರೆ ಅದನ್ನು ಉಳಿಸಿಕೊಂಡು ಕದ, ಗಾಜು, ಕೀಲುಗಳನ್ನಷ್ಟೇ ಬದಲಿಸುವುದು ಜಾಣತನ. ಚಾಣದ ತುದಿಯಿಂದ ದಾರಂದದ ಬುಡವನ್ನು ಒತ್ತಿ ನೋಡಿದರೆ ಮರ ಕೊಳೆತಿದೆಯೋ ಇಲ್ಲವೋ ತಿಳಿಯುತ್ತದೆ. ಈ ಪರೀಕ್ಷೆ ಮಾಡದೆ ಎಲ್ಲವನ್ನೂ ಕಿತ್ತುಹಾಕಲು ಸಲಹೆ ನೀಡುವವರ ಅಂದಾಜುಪಟ್ಟಿಯನ್ನು ಬದಿಗಿಡುವುದೇ ಲೇಸು.

ಅಲ್ಯುಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂಬ ಮಾತು ಅರ್ಧಸತ್ಯ. ಉಪ್ಪು ನಿಂತೆಡೆ ಅದರ ಮೈಯಲ್ಲಿ ಬಿಳಿಯ ಪುಡಿ ಏಳುತ್ತದೆ, ಸಣ್ಣ ಕುಳಿಗಳು ಬೀಳುತ್ತವೆ. ಅನೋಡೈಸ್ ಮಾಡಿದ್ದಾದರೆ ಕಡಲಬದಿಗೆ 25 ಮೈಕ್ರಾನ್ ದಪ್ಪದ ಲೇಪನ ಕೇಳಬೇಕು. ಪೌಡರ್ ಕೋಟಿಂಗ್ ಆದರೆ 60 ಮೈಕ್ರಾನ್‌ಗೆ ಕಡಿಮೆ ಇರಬಾರದು. ಹಸಿ ಸಿಮೆಂಟಿನ ಕ್ಷಾರವೂ ಅಲ್ಯುಮಿನಿಯಂಗೆ ಹಾನಿಕರವಾದುದರಿಂದ ಗಿಲಾವು ಒಣಗುವವರೆಗೆ ರಕ್ಷಣೆಯ ಅಂಟುಪಟ್ಟಿಯನ್ನು ತೆಗೆಯಬಾರದು.

ಯುಪಿವಿಸಿಯನ್ನು ಉಪ್ಪು ಮುಟ್ಟದು. ಆದರೆ ಚೌಕಟ್ಟಿನ ಟೊಳ್ಳಿನಲ್ಲಿ ಬಲಕ್ಕಾಗಿ ಇರಿಸುವ ಉಕ್ಕಿನ ಪಟ್ಟಿಗೆ ಸತುವಿನ ಲೇಪನ ಇರಲೇಬೇಕು. ಪಟ್ಟಿಯನ್ನೇ ಹಾಕದಿದ್ದರೆ ಚೌಕಟ್ಟು ಗಾಳಿಗೆ ಬಾಗುತ್ತದೆ. ಇದು ಹೊರಗಿನಿಂದ ಕಾಣುವಂಥದ್ದಲ್ಲ. ತಯಾರಿಕೆಯ ಹಂತದಲ್ಲಿ ಒಂದು ತುಂಡನ್ನು ಅಡ್ಡ ಕೊಯ್ದು ತೋರಿಸುವಂತೆ ಕೇಳಲು ಸಂಕೋಚಪಡಬೇಕಿಲ್ಲ.

ಸಾಮಗ್ರಿ ಯಾವುದೇ ಇರಲಿ, ಕೀಲು ಮತ್ತು ತಿರುಪುಮೊಳೆಗಳು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್‌ನವಾಗಿರುವುದು ಕಡಲಬದಿಯಲ್ಲಿ ಅವಶ್ಯ. ಅಗ್ಗದ 304ರಲ್ಲಿ ಇಲ್ಲದ ಮಾಲಿಬ್ಡಿನಂ ಇದರಲ್ಲಿ ಸುಮಾರು ಶೇ. 2ರಷ್ಟಿದ್ದು, ಉಪ್ಪನ್ನು ತಡೆಯುವ ಶಕ್ತಿ ನೀಡುತ್ತದೆ. ಇಡೀ ಕಿಟಕಿಯ ಬೆಲೆಯಲ್ಲಿ ಈ ವ್ಯತ್ಯಾಸದ ಪಾಲು ಅತ್ಯಲ್ಪ.

ಇನ್ನು ವಿನ್ಯಾಸ. ಜಾರುಕಿಟಕಿ ಅಗ್ಗ, ಜಾಗವನ್ನೂ ಉಳಿಸುತ್ತದೆ. ಆದರೆ ಪಶ್ಚಿಮದ ಗೋಡೆಯಲ್ಲಿ ಮಳೆಗಾಳಿ ಅದರ ಸಂದುಗಳಿಂದ ನೀರನ್ನು ಒಳಕ್ಕೆ ತಳ್ಳುತ್ತದೆ. ರಬ್ಬರ್ ಪಟ್ಟಿಗೆ ಒತ್ತಿ ಮುಚ್ಚಿಕೊಳ್ಳುವ ಕೀಲಿನ ಕಿಟಕಿ ಆ ದಿಕ್ಕಿಗೆ ಸೂಕ್ತ. ನಾಲ್ಕೂ ದಿಕ್ಕಿಗೆ ಒಂದೇ ಬಗೆ ಹಾಕಿಸಬೇಕೆಂಬ ನಿಯಮವೇನಿಲ್ಲ.

ಲೆಕ್ಕ

ಮೇಲೆ ಹೇಳಿದ ಅಳತೆಯ ಎಂಟು ಕಿಟಕಿಗಳಿರುವ ಮನೆಯನ್ನು ಗಣನೆಗೆ ತೆಗೆದುಕೊಳ್ಳೋಣ. ಒಂದಕ್ಕೆ 18 ಚದರ ಅಡಿಯಂತೆ ಒಟ್ಟು 144. ಚದರ ಅಡಿಗೆ 700 ರೂ. ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ 1,00,800 ರೂ. ಅಲ್ಯುಮಿನಿಯಂ ಮತ್ತು ಯುಪಿವಿಸಿ ಕಿಟಕಿಗಳ ಮೇಲಿನ ಶೇ. 18ರ ಜಿಎಸ್‌ಟಿ 18,144 ರೂ. ಸೇರಿ ಒಟ್ಟು 1,18,944 ರೂ. ದರ ತೆರಿಗೆ ಸಹಿತವೋ ರಹಿತವೋ ಎಂಬ ಒಂದೇ ಪ್ರಶ್ನೆಯ ಬೆಲೆ ಹದಿನೆಂಟು ಸಾವಿರ.

ಅಳತೆಯಲ್ಲಿಯೂ ಗಮನ ಬೇಕು. ಮೂರಡಿ ಹತ್ತು ಅಂಗುಲ ಅಗಲ, ನಾಲ್ಕಡಿ ಒಂದು ಅಂಗುಲ ಎತ್ತರದ ಕಿಟಕಿಯ ನೈಜ ವಿಸ್ತೀರ್ಣ 15.65 ಚದರ ಅಡಿ. ಪ್ರತಿ ಅಳತೆಯನ್ನೂ ಮುಂದಿನ ಅರ್ಧ ಅಡಿಗೆ ಏರಿಸಿ ಲೆಕ್ಕ ಹಾಕಿದರೆ ಅದು 18 ಆಗುತ್ತದೆ, ಅಂದರೆ ಶೇ. 15ರಷ್ಟು ಹೆಚ್ಚು. ಗಾಜಿನ ವ್ಯಾಪಾರದಲ್ಲಿ ಈ ರೂಢಿ ಹೊಸದಲ್ಲ. ಅದನ್ನು ಮೊದಲೇ ತಿಳಿದಿರಬೇಕು, ಅಷ್ಟೆ.

ಗೋಡೆಯ ಕೆಲಸದ ಅಂದಾಜೇ ಕಠಿಣ. ಕರಾವಳಿಯ ಬಹುತೇಕ ಹಳೆಯ ಮನೆಗಳ ಗೋಡೆ ಕೆಂಪುಕಲ್ಲಿನದು. ಗೋಡೆಯೊಳಗೆ ಹುದುಗಿಸಿದ ಕಬ್ಬಿಣದ ಹಿಡಿಗಳನ್ನು ಕಿತ್ತು ದಾರಂದ ತೆಗೆಯುವಾಗ ಕಲ್ಲಿನ ಅಂಚು ಉದುರುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಆಕ್ರಮಿಸುವುದರಿಂದ ಗಿಲಾವು ಅಷ್ಟರಲ್ಲಾಗಲೇ ಬಿರಿದಿರುತ್ತದೆ. ಹಾಗಾಗಿ ಕೀಳುವ ಕೂಲಿ, ಅಂಚು ಕಟ್ಟುವ ಗಾರೆ ಕೆಲಸ, ಒಳಗೂ ಹೊರಗೂ ಬಣ್ಣ, ಮೇಲಂತಸ್ತಾದರೆ ಅಟ್ಟಣೆ ಇವೆಲ್ಲ ಪ್ರತ್ಯೇಕ ಸಾಲುಗಳಾಗಿ ಪಟ್ಟಿಯಲ್ಲಿ ಬರಬೇಕು. ಸರಳು ಮತ್ತು ಸೊಳ್ಳೆಪರದೆಗಳೂ ಹಾಗೆಯೇ. ಕೆಲಸವನ್ನು ಡಿಸೆಂಬರಿನಿಂದ ಮಾರ್ಚ್ ನಡುವೆ ಮುಗಿಸಿದರೆ ಗಿಲಾವು ಒಣಗಲು ಕಾಲಾವಕಾಶ ಸಿಗುತ್ತದೆ. ಮೇ ಕೊನೆಯಲ್ಲಿ ಗೋಡೆ ಒಡೆದು ಮುಂಗಾರಿಗೆ ಸಿಕ್ಕಿಹಾಕಿಕೊಂಡವರ ಪಾಡು ಹೇಳತೀರದು.

ಅಗ್ಗ, ದುಬಾರಿ ಎಂಬುದನ್ನು ವರ್ಷದ ಲೆಕ್ಕದಲ್ಲಿ ನೋಡುವುದು ಸರಿಯಾದ ಕ್ರಮ. ಒಂದು ಲಕ್ಷದ ಕಿಟಕಿ ಹತ್ತು ವರ್ಷ ಬಾಳಿದರೆ ವರ್ಷಕ್ಕೆ ಹತ್ತು ಸಾವಿರ; ಒಂದೂವರೆ ಲಕ್ಷದ್ದು ಇಪ್ಪತ್ತು ವರ್ಷ ಬಾಳಿದರೆ ಏಳೂವರೆ ಸಾವಿರ. ಮೊದಲನೆಯದರಲ್ಲಿ ಗೋಡೆ ಒಡೆಯುವ ಖರ್ಚು ಎರಡು ಬಾರಿ ಬರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬೇಕು.

ವಿಮೆ

2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿ ಚಂಡಮಾರುತ, ಬಿರುಗಾಳಿ, ನೆರೆಗಳಿಂದ ಕಟ್ಟಡಕ್ಕಾಗುವ ಹಾನಿಯನ್ನು ಭರಿಸುತ್ತದೆ. ಸವೆತ, ತುಕ್ಕುಗಳಿಗೆ ಅದರಲ್ಲಿ ಪರಿಹಾರವಿಲ್ಲ. ಗಾಳಿಗೆ ಒಡೆದ ಗಾಜಿಗೆ ಹಣ ಕೇಳುವಾಗ ಕೀಲು ಮೊದಲೇ ತುಕ್ಕು ಹಿಡಿದಿತ್ತೆಂಬ ತಕರಾರು ಏಳದಂತೆ, ಹೊಸ ಕಿಟಕಿ ಕೂರಿಸಿದ ದಿನದ ಛಾಯಾಚಿತ್ರಗಳನ್ನೂ ತೆರಿಗೆ ಸಹಿತ ರಸೀದಿಯನ್ನೂ ಪಾಲಿಸಿಯ ಜತೆಯಲ್ಲಿಯೇ ಇಟ್ಟುಕೊಂಡಿರಬೇಕು.