ಸಣ್ಣ ವೆಬ್ ಸರ್ವರ್‌ಗೆ ಸಂಭಾಷಣಾ (ಚಾಟ್) ತಂತ್ರಾಂಶದ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

1. ಪೀಠಿಕೆ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿ ತಾಲೂಕುಗಳಲ್ಲಿ ಸಹಕಾರ ಸಂಘ, ಶಿಕ್ಷಣ ಸಂಸ್ಥೆ ಅಥವಾ ಸೇವಾ ಕೇಂದ್ರಗಳನ್ನು ನಡೆಸುತ್ತಿರುವವರು ತಮ್ಮ ಸದಸ್ಯರೊಡನೆ ಸಂದೇಶ ವಿನಿಮಯಕ್ಕಾಗಿ ಸ್ವಂತ ಸರ್ವರ್‌ನಲ್ಲಿ ಚಾಟ್ ತಂತ್ರಾಂಶವನ್ನು ಅಳವಡಿಸಿಕೊಳ್ಳಬಹುದಾಗಿದೆ. ಇಂತಹ ಸಂದೇಶಗಳಲ್ಲಿ ಪಹಣಿ, ಆದಾಯ ಪ್ರಮಾಣಪತ್ರ, ಆಧಾರ್ ಪ್ರತಿ ಮುಂತಾದವು ರವಾನೆಯಾಗುವ ಸಂಭವವಿರುವುದರಿಂದ ಆಯ್ಕೆಯಲ್ಲಿ ಎಚ್ಚರಿಕೆ ಅವಶ್ಯಕ.

2. ಲಭ್ಯವಿರುವ ಮುಕ್ತ ತಂತ್ರಾಂಶಗಳು

ಅ) ಐ.ಆರ್.ಸಿ.: 1988ರಲ್ಲಿ ಫಿನ್ಲೆಂಡ್‌ನಲ್ಲಿ ರೂಪುಗೊಂಡ ವಿಧಾನ. ಅತ್ಯಲ್ಪ ಮೆಮೊರಿ ಸಾಕು. ಆದರೆ ಮೂಲ ವಿಧಾನದಲ್ಲಿ ಸಂಪರ್ಕ ಕಡಿತಗೊಂಡಿದ್ದ ಸದಸ್ಯರಿಗೆ ಆ ಅವಧಿಯ ಸಂದೇಶಗಳು ದೊರೆಯುವುದಿಲ್ಲ.

ಆ) ಎಕ್ಸ್.ಎಂ.ಪಿ.ಪಿ.: 1999ರಲ್ಲಿ ಜ್ಯಾಬರ್ ಎಂಬ ಹೆಸರಿನಿಂದ ಆರಂಭವಾಗಿ, 2004ರಲ್ಲಿ ಅಂತರಜಾಲದ ಮಾನಕವಾಗಿ ಪ್ರಕಟವಾಯಿತು. ಇದರಲ್ಲಿ ಮೂರು ಸರ್ವರ್ ತಂತ್ರಾಂಶಗಳು ಪ್ರಮುಖವಾದವು. ಪ್ರೊಸಡಿ ಅತ್ಯಂತ ಹಗುರವಾದುದು. ಈ-ಜ್ಯಾಬರ್-ಡಿ ಸಾವಿರಾರು ಬಳಕೆದಾರರಿರುವಲ್ಲಿ ಸೂಕ್ತ. ಓಪನ್‌ಫೈರ್ ಜಾವಾ ಆಧಾರಿತವಾಗಿದ್ದು, ಹೆಚ್ಚು ಮೆಮೊರಿ ಬಯಸುತ್ತದೆ. ಆದರೆ ವೆಬ್ ಪುಟದ ಮೂಲಕವೇ ನಿರ್ವಹಿಸಬಹುದಾದ್ದರಿಂದ ಸುಲಭ.

ಇ) ಮ್ಯಾಟ್ರಿಕ್ಸ್: 2014ರಲ್ಲಿ ಆರಂಭ. ಇದರ ಸಿನಾಪ್ಸ್ ಸರ್ವರ್ ಹೊರಗಿನ ದೊಡ್ಡ ಗುಂಪುಗಳಿಗೆ ಸೇರಬೇಕಾದಲ್ಲಿ ಕನಿಷ್ಠ 1 ಜಿ.ಬಿ. ಮೆಮೊರಿ ಬಿಡುವಿರಬೇಕು. ಹಳೆಯ ಗಣಕಯಂತ್ರಕ್ಕೆ ಇದು ಭಾರವಾಗುತ್ತದೆ.

3. ಕನ್ನಡ ಲಿಪಿಯ ಬಳಕೆ

ಯೂನಿಕೋಡ್‌ನ ಯು.ಟಿ.ಎಫ್.-8 ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. "ಮುದ್ದೇಬಿಹಾಳ" ಎಂಬ ಪದದಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತು ಸೇರಿ 11 ಸಂಕೇತಗಳಿದ್ದು, 33 ಬೈಟ್ ಆಗುತ್ತದೆ. ಇಂಗ್ಲಿಷ್ ಲಿಪಿಯಲ್ಲಿ 10 ಬೈಟ್ ಮಾತ್ರ. ಐ.ಆರ್.ಸಿ.ಯಲ್ಲಿ ಒಂದು ಸಂದೇಶದ ಮಿತಿ 512 ಬೈಟ್ ಆಗಿರುವುದರಿಂದ ಕನ್ನಡದ ಉದ್ದ ವಾಕ್ಯಗಳು ಮಧ್ಯದಲ್ಲಿ ತುಂಡಾಗುತ್ತವೆ. ಎಕ್ಸ್.ಎಂ.ಪಿ.ಪಿ. ಹಾಗೂ ಮ್ಯಾಟ್ರಿಕ್ಸ್‌ಗಳಲ್ಲಿ ಈ ತೊಡಕಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರ ಸಂಕೇತದಲ್ಲಿ ಸಿದ್ಧಪಡಿಸಿದ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿಯೇ ಕಳುಹಿಸತಕ್ಕದ್ದು.

4. ಸುರಕ್ಷತೆ

* ಸರ್ವರ್‌ವರೆಗಿನ ಗೂಢಲಿಪೀಕರಣ ಮಾತ್ರವಿದ್ದಲ್ಲಿ ಸರ್ವರ್ ನಿರ್ವಾಹಕರು ಸಂದೇಶಗಳನ್ನು ಓದಬಲ್ಲರು. ಓದದಂತೆ ತಡೆಯಲು ಎಕ್ಸ್.ಎಂ.ಪಿ.ಪಿ.ಯಲ್ಲಿ ಒಮೆಮೊ ಎಂಬ ವಿಧಾನವನ್ನು ಬಳಸಬೇಕು.
* ಅಪರಿಚಿತರು ಖಾತೆ ತೆರೆಯದಂತೆ ಮುಕ್ತ ನೋಂದಣಿಯನ್ನು ನಿಲ್ಲಿಸಿಡಬೇಕು.
* ಓಪನ್‌ಫೈರ್‌ನಲ್ಲಿ ಗುಪ್ತಪದವಿಲ್ಲದೆಯೇ ನಿರ್ವಹಣಾ ಪುಟ ಪ್ರವೇಶಿಸಬಹುದಾದ ದೋಷ 2023ರಲ್ಲಿ ಬೆಳಕಿಗೆ ಬಂದು, 4.6.8 ಹಾಗೂ 4.7.5ನೇ ಆವೃತ್ತಿಗಳಲ್ಲಿ ಸರಿಪಡಿಸಲ್ಪಟ್ಟಿತು. ಆದ್ದರಿಂದ ಹಳೆಯ ಆವೃತ್ತಿಯನ್ನು ಬಳಸಬಾರದು. ನಿರ್ವಹಣಾ ಪುಟವನ್ನು ಅಂತರಜಾಲಕ್ಕೆ ತೆರೆದಿಡಬಾರದು.
* ಸರ್ಟ್-ಇನ್ ಸಂಸ್ಥೆಯ ದಿನಾಂಕ 28-04-2022ರ ನಿರ್ದೇಶನಗಳ ವ್ಯಾಪ್ತಿಗೆ ಬರುವ ಸಂಸ್ಥೆಗಳು ಸರ್ವರ್ ದಾಖಲೆಗಳನ್ನು 180 ದಿನ ಇಡಬೇಕು ಹಾಗೂ ಸೈಬರ್ ಘಟನೆಗಳನ್ನು 6 ಗಂಟೆಯೊಳಗೆ ವರದಿ ಮಾಡಬೇಕು.

5. ಆಯ್ಕೆಯ ಕ್ರಮ

ಐವತ್ತು, ನೂರು ಸದಸ್ಯರ ಸಂಘಕ್ಕೆ ಪ್ರೊಸಡಿ ಸಾಕಾಗುತ್ತದೆ. ಲಿನಕ್ಸ್ ಆದೇಶಗಳ ಪರಿಚಯವಿಲ್ಲದವರು ಓಪನ್‌ಫೈರ್ ಪರಿಶೀಲಿಸಬಹುದು. ಹಲವು ಬ್ರಾಡ್‌ಬ್ಯಾಂಡ್ ಸಂಪರ್ಕಗಳಲ್ಲಿ ಪ್ರತ್ಯೇಕ ಸಾರ್ವಜನಿಕ ಐ.ಪಿ. ವಿಳಾಸ ದೊರೆಯದೆ ಹೊರಗಿನಿಂದ ಸರ್ವರ್ ತಲುಪಲಾಗುವುದಿಲ್ಲ. ಅಂತಹ ಸಂದರ್ಭದಲ್ಲಿ ಬಾಡಿಗೆ ಸರ್ವರ್ ಪಡೆಯುವುದು ಲೇಸು. ಕಚೇರಿಯಲ್ಲಿಯೇ ಇಡುವುದಾದಲ್ಲಿ ಯು.ಪಿ.ಎಸ್. ಹಾಗೂ ಪ್ರತಿದಿನದ ಬ್ಯಾಕಪ್ ಇರಲಿ. ಇವನ್ನು ನೋಡಿಕೊಳ್ಳಲು ಜವಾಬ್ದಾರಿಯುತ ವ್ಯಕ್ತಿ ಇಲ್ಲದಿದ್ದಲ್ಲಿ ಸ್ವಂತ ಸರ್ವರ್ ಸ್ಥಾಪಿಸದಿರುವುದೇ ಕ್ಷೇಮ.

6. ಅರ್ಜಿದಾರರ ಗಮನಕ್ಕೆ

ಸಂಘ ಅಥವಾ ಖಾಸಗಿ ಕೇಂದ್ರದ ಚಾಟ್‌ನಲ್ಲಿ ಕಳುಹಿಸಿದ ಸಂದೇಶವು ಸರ್ಕಾರಕ್ಕೆ ಸಲ್ಲಿಸಿದ ಅರ್ಜಿಯಲ್ಲ. ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮ, 2011ರ ವ್ಯಾಪ್ತಿಯ ಸೇವೆಗೆ ಅರ್ಜಿ ಸಲ್ಲಿಸಿದಾಗ ನೀಡಲಾಗುವ ಸ್ವೀಕೃತಿಯಲ್ಲಿ 15 ಅಂಕಿಗಳ ಜಿ.ಎಸ್.ಸಿ. ಸಂಖ್ಯೆ ಇರುತ್ತದೆ. "ದಾಖಲೆ ಬಂದಿದೆ" ಎಂಬ ಚಾಟ್ ಉತ್ತರವನ್ನು ನಂಬಿ ಕಾಯುತ್ತ ಕುಳಿತರೆ ವಿದ್ಯಾರ್ಥಿವೇತನ, ಪಿಂಚಣಿ ಮುಂತಾದವುಗಳ ಕೊನೆಯ ದಿನಾಂಕ ಕೈತಪ್ಪಬಹುದು. ಆದಕಾರಣ ಅರ್ಜಿದಾರರು ಸದರಿ ಸಂಖ್ಯೆಯನ್ನು ಕೇಳಿ ಪಡೆದು, ಸ್ವೀಕೃತಿಯನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.