ಬಾರದ ಅಂತ್ಯದ ಲೆಕ್ಕ

ಲೋಕ ಇಂದೋ ನಾಳೆಯೋ ಮುಗಿಯುತ್ತದೆ ಎಂದು ನಂಬಿದವರು, ಅದು ಮುಗಿಯದೇ ಹೋದಾಗ ಏನು ಮಾಡುತ್ತಾರೆ? ಮೊದಲ ನಾಲ್ಕು ಶತಮಾನಗಳ ಕ್ರೈಸ್ತ ಚಿಂತನೆಯ ಬಹುಪಾಲು ಈ ಇಕ್ಕಟ್ಟಿನಲ್ಲೇ ರೂಪುಗೊಂಡಿತು ಎಂಬುದು ನನ್ನ ಎಣಿಕೆ.

ಸುಮಾರು ಕ್ರಿ.ಶ. 50ರಲ್ಲಿ ಥೆಸಲೋನಿಕದ ವಿಶ್ವಾಸಿಗಳಿಗೆ ಬರೆದ ಪತ್ರದಲ್ಲಿ, ಯೇಸು ಮರಳಿ ಬರುವಾಗ ತಾನೂ ಬದುಕಿರುತ್ತೇನೆ ಎಂಬ ಧಾಟಿ ಅಪೊಸ್ತಲ ಪೌಲನದು. ಅಷ್ಟರೊಳಗೆ ತೀರಿಕೊಂಡವರ ಗತಿಯೇನು ಎಂಬುದು ಅಲ್ಲಿನವರ ಚಿಂತೆ. 70ರಲ್ಲಿ ರೋಮನ್ ಸೇನೆ ಜೆರುಸಲೇಮಿನ ದೇವಾಲಯವನ್ನು ಸುಟ್ಟಿತು. ಅಂತ್ಯ ಮಾತ್ರ ಬರಲಿಲ್ಲ. ಶತಮಾನದ ಕೊನೆಗೆ ಪತ್ಮೋಸ್ ದ್ವೀಪದ ಯೋಹಾನ ತನ್ನ ಪ್ರಕಟನೆ ಗ್ರಂಥದಲ್ಲಿ ದುಷ್ಟ ಸಾಮ್ರಾಜ್ಯದ ಪತನವನ್ನೂ ಆಮೇಲೆ ಕ್ರಿಸ್ತನ ಸಾವಿರ ವರ್ಷದ ಆಳ್ವಿಕೆಯನ್ನೂ ಕಂಡ. ಪೇತ್ರನ ಹೆಸರಿನ ಎರಡನೆಯ ಪತ್ರ, ದೇವರ ಕಾಲಮಾನವೇ ಬೇರೆ, ಅವನಿಗೆ ಒಂದು ದಿನ ಸಾವಿರ ವರ್ಷದಂತೆ ಎಂದು ಕಾದು ಬೇಸತ್ತವರನ್ನು ಸಮಾಧಾನಪಡಿಸಿತು.

ಸಮಾಧಾನಕ್ಕೆ ಹೇಳಿದ್ದೇ ಮುಂದೆ ಅಳತೆಗೋಲಾಯಿತು. ಸೃಷ್ಟಿಗೆ ಆರು ದಿನ, ದಿನಕ್ಕೆ ಸಾವಿರ ವರ್ಷ, ಹಾಗಾದರೆ ಲೋಕದ ಆಯುಸ್ಸು 6000 ವರ್ಷ ಎಂದು ಸುಮಾರು 180ರಲ್ಲಿ ಲಿಯೋನಿನ ಬಿಷಪ್ ಇರೆನೇಯಸ್ ವಾದಿಸಿದ. ಅದಾಗಿ ಎರಡು ಮೂರು ದಶಕದೊಳಗೆ ಹಿಪ್ಪೊಲಿಟಸ್ ದಾನಿಯೇಲನ ಗ್ರಂಥಕ್ಕೆ ಬರೆದ ವ್ಯಾಖ್ಯಾನದಲ್ಲಿ ಲೆಕ್ಕವನ್ನು ಪೂರ್ತಿ ಮಾಡಿದ. ಬೈಬಲಿನಲ್ಲಿ ಬರುವ ಪವಿತ್ರ ಪೆಟ್ಟಿಗೆ, ಒಡಂಬಡಿಕೆಯ ಮಂಜೂಷದ ಉದ್ದ, ಅಗಲ, ಎತ್ತರ ಕೂಡಿಸಿದರೆ ಐದೂವರೆ ಮೊಳ. ಆದ್ದರಿಂದ ಕ್ರಿಸ್ತ ಹುಟ್ಟಿದ್ದು ಸೃಷ್ಟಿಯ 5500ನೇ ವರ್ಷ! ಉಳಿದದ್ದು 500. ಲೆಕ್ಕ ವಿಚಿತ್ರ, ಉದ್ದೇಶ ಮಾತ್ರ ವಿವೇಕದ್ದು: ಅಂತ್ಯ ದೂರವಿದೆ, ಗಾಬರಿ ಬೇಡ. ಗಾಬರಿಯ ಫಲವನ್ನೂ ಅವನೇ ದಾಖಲಿಸಿದ್ದಾನೆ. ಸಿರಿಯಾದ ಸಭಾನಾಯಕನೊಬ್ಬ ಕ್ರಿಸ್ತನನ್ನು ಎದುರುಗೊಳ್ಳಲು ಹೆಂಗಸರು ಮಕ್ಕಳ ಸಮೇತ ಜನರನ್ನು ಮರುಭೂಮಿಗೆ ಕರೆದೊಯ್ದ. ದಾರಿ ತಪ್ಪಿ ಅಲೆಯುತ್ತಿದ್ದವರನ್ನು ಅಧಿಕಾರಿಗಳು ದರೋಡೆಕೋರರೆಂದೇ ತಿಳಿದು ಇನ್ನೇನು ಕೊಲ್ಲಿಸುವುದರಲ್ಲಿದ್ದರು. ಪೊಂತದ ಇನ್ನೊಬ್ಬ, ಕನಸು ಕಂಡು ವರ್ಷದೊಳಗೆ ತೀರ್ಪಿನ ದಿನ ಎಂದ. ಜನ ಹೊಲ ಪಾಳು ಬಿಟ್ಟರು, ದನಕರು ಮಾರಿದರು. ವರ್ಷ ಕಳೆದ ಮೇಲೆ ಅವರಿಗೆ ಉಳಿದದ್ದು ಭಿಕ್ಷೆ.

ಇತ್ತ ಈಜಿಪ್ಟಿನಲ್ಲಿ ಮಾತು ಬೇರೆಯೇ ಆಗಿತ್ತು. ಅಲೆಕ್ಸಾಂಡ್ರಿಯದ ಒರಿಜೆನ್ ಸಾವಿರ ವರ್ಷದ ಭೋಗರಾಜ್ಯವನ್ನು ಅಕ್ಷರಶಃ ಓದುವವರನ್ನು ಆಕ್ಷೇಪಿಸಿ, ಎಲ್ಲ ಜೀವಗಳೂ ಕೊನೆಗೆ ದೇವರತ್ತ ಮರಳುವ ಸಾಧ್ಯತೆಯನ್ನು ಮುಂದಿಟ್ಟ. ಅವನ ಶಿಷ್ಯ ಬಿಷಪ್ ಡಯೊನೀಸಿಯಸ್ ಮೂರನೇ ಶತಮಾನದ ನಡುವೆ ಅರ್ಸಿನೊಯೆ ಪ್ರಾಂತ್ಯಕ್ಕೆ ಹೋಗಿ, ಭೂಮಿಯ ಮೇಲಿನ ಆ ರಾಜ್ಯವನ್ನು ನಂಬಿದ್ದ ಹಳ್ಳಿಯವರೊಂದಿಗೆ ಮೂರು ದಿನ ಬೆಳಗಿನಿಂದ ಸಂಜೆವರೆಗೆ ಚರ್ಚಿಸಿದ. ಶಪಿಸಲಿಲ್ಲ, ಅವರ ತಾಳ್ಮೆಯನ್ನು ಮೆಚ್ಚಿಕೊಂಡ. ಪ್ರಕಟನೆಯ ಗ್ರೀಕ್ ಶೈಲಿಯನ್ನು ಯೋಹಾನನ ಸುವಾರ್ತೆಯೊಂದಿಗೆ ಹೋಲಿಸಿ, ಎರಡರ ಲೇಖಕರು ಬೇರೆ ಬೇರೆ ಎಂದವನೂ ಇವನೇ. ಇಡೀ ವಿವಾದದಲ್ಲಿ ನನಗೆ ಹೆಚ್ಚು ಹಿಡಿಸುವ ಮನುಷ್ಯ.

ಕಾನ್‌ಸ್ಟಂಟೈನ್ ಚಕ್ರವರ್ತಿ ಕ್ರೈಸ್ತರ ಪರ ನಿಂತ ಮೇಲೆ ರೋಮನ್ನು ಪ್ರಕಟನೆಯ ದುಷ್ಟ ಬಾಬಿಲೋನ್ ಎನ್ನುವುದು ಕಷ್ಟವಾಯಿತು. 410ರಲ್ಲಿ ಅದೇ ರೋಮ್ ಲೂಟಿಯಾದಾಗ ಹಳೆಯ ಭಯ ಮರಳಿತು. ಹಿಪ್ಪೊದ ಅಗಸ್ಟೀನ್ ಒಂದು ಕಾಲಕ್ಕೆ ಸಾವಿರ ವರ್ಷದ ಆಳ್ವಿಕೆಯನ್ನು ತಾನೂ ನಂಬಿದ್ದವನು. 'ದೇವನಗರ'ದ ಇಪ್ಪತ್ತನೇ ಸಂಪುಟದಲ್ಲಿ ಆ ಆಳ್ವಿಕೆ ಈಗಾಗಲೇ ನಡೆಯುತ್ತಿರುವ ಸಭೆಯ ಕಾಲವೇ ಎಂದ. ಸಲೋನಾದ ಬಿಷಪ್ ಹೆಸಿಕಿಯಸ್, ಸುವಾರ್ತೆ ಎಲ್ಲೆಡೆ ತಲುಪಿದೆ, ಅಂತ್ಯ ಹತ್ತಿರವಾಗಿದೆ ಎಂದು ಬರೆದಾಗ ಅಗಸ್ಟೀನ್ ಒಪ್ಪಲಿಲ್ಲ. ತನ್ನ ಆಫ್ರಿಕಾದಲ್ಲೇ ಸುವಾರ್ತೆಯನ್ನು ಇನ್ನೂ ಕೇಳದ ಬುಡಕಟ್ಟುಗಳು ಎಷ್ಟೋ ಇವೆ ಎಂದು ಉತ್ತರ ಕಳಿಸಿದ.